ಇದು ಮೂಗ ಕಂಡ ಕನಸಲ್ಲ

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಕಿವುಡರಿಗಾಗಿ ಸಂಜ್ಞಾಭಾಷೆಯಲ್ಲೇ ಚಿತ್ರಗಳ ಕುರಿತು ಉಪನ್ಯಾಸಗಳು ನಡೆದಿವೆ. ಸಂಘದ ಕೂಟವೊಂದರಲ್ಲಿ ನಾವು ಈ ಸಂಗತಿ ಹೇಳಿದಾಗ ಹಿರಿಯರೊಬ್ಬರು, "ಚಿತ್ರ ನೋಡಲು ಕಣ್ಣು ಸಾಲದೇ? ಅದಕ್ಕೂ ಭಾಷಣ ಬೇಕೇ?" ಎಂದು ನಕ್ಕರು. ಸುತ್ತಲಿದ್ದವರೂ ನಕ್ಕರು. ಆ ನಗುವಿಗೆ ಉತ್ತರ ಕೊಡದೆ ಬಿಡುವುದು ನಮಗೆ ಸರಿಕಾಣುವುದಿಲ್ಲ.

ಕಣ್ಣೇ ಸಾಕಾಗಿದ್ದರೆ, ಕಿವಿಯುಳ್ಳ ನಾವೇಕೆ ಕಲಾ ಉಪನ್ಯಾಸಗಳಿಗೆ ಹೋಗುತ್ತೇವೆ? ಅದೇ ಗ್ಯಾಲರಿಯಲ್ಲಿರುವ ಜಾನ್ ಕಾನ್‌ಸ್ಟೆಬಲ್‌ನ 'ದಿ ಹೇ ವೇನ್' ಎಂಬ 1821ರ ನಿಸರ್ಗಚಿತ್ರವನ್ನೇ ತೆಗೆದುಕೊಳ್ಳಿ. ಹೊಳೆಯ ನೀರಿನಲ್ಲಿ ನಿಂತ ಬಂಡಿ, ಎಡಗಡೆ ಒಂದು ಮನೆ, ಬಲಕ್ಕೆ ದೂರದ ಹುಲ್ಲುಗಾವಲು, ಮೇಲೆ ಮೋಡ. ಇಷ್ಟು ಕಣ್ಣಿಗೆ ಕಂಡೀತು. ಆದರೆ ಆ ಹೊಳೆ ಅವನ ಹುಟ್ಟೂರ ಸೀಮೆಯ ಸ್ಟೌರ್ ನದಿ, ಅಲ್ಲೇ ಅವನ ತಂದೆಯ ಗಿರಣಿಯಿತ್ತು, ಊರಲ್ಲಿ ಮಾಡಿಕೊಂಡ ರೇಖಾಚಿತ್ರಗಳನ್ನು ಮುಂದಿಟ್ಟುಕೊಂಡು ಅವನು ಈ ದೊಡ್ಡ ಚಿತ್ರವನ್ನು ಲಂಡನ್ನಿನಲ್ಲಿ ಕುಳಿತು ಬರೆದ ಎಂಬುದನ್ನೆಲ್ಲ ಯಾರಾದರೂ ಹೇಳಲೇಬೇಕು. ಪಟ್ಟಣದಲ್ಲಿ ಕುಳಿತು ಊರಿನ ಹೊಳೆಯನ್ನು ನೆನೆಯುವುದು ಎಂಥದೆಂದು ನಮಗೆ ಬೇರೆ ವಿವರಿಸಬೇಕೇ? ಆ ಮಾತು ನಮ್ಮ ಎದೆಗೆ ತಟ್ಟುತ್ತದೆ. ಕಿವುಡನ ಎದೆಗೆ ಮಾತ್ರ ತಟ್ಟಬಾರದೇ?

ಸಂಜ್ಞಾಭಾಷೆಯೆಂದರೆ ಬರಿಯ ಕೈಬೀಸಾಟವಲ್ಲ. ತನ್ನದೇ ವ್ಯಾಕರಣವುಳ್ಳ ಭಾಷೆ. ಮನೆಯನ್ನು ಎಡಕ್ಕಿಟ್ಟು, ಬಂಡಿಯನ್ನು ನಡುವೆ ನಿಲ್ಲಿಸಿ, ಗಾವಲನ್ನು ದೂರಕ್ಕೆ ಸರಿಸಿ, ಕೈಯೂ ನೋಟವೂ ಸೇರಿ ಗಾಳಿಯಲ್ಲೇ ಒಂದು ಬಯಲನ್ನು ಕಟ್ಟಿಬಿಡುತ್ತವೆ. ನಿಸರ್ಗಚಿತ್ರಕ್ಕೆ ಇದಕ್ಕಿಂತ ಒಪ್ಪುವ ಭಾಷೆ ಯಾವುದಿದೆ? ಕೈಯನ್ನೂ ಚಿತ್ರವನ್ನೂ ಒಟ್ಟಿಗೆ ನೋಡಲಾಗದು. ಆದ್ದರಿಂದ ಅಲ್ಲಿ ಹೇಳುವವರು ಹೇಳಿ, ತಡೆದು, ನೋಡಲು ಬಿಡಬೇಕು. ಎಡೆಬಿಡದೆ ಮಾತನಾಡುವ ನಮ್ಮ ಭಾಷಣಕಾರರು ಇದನ್ನು ಕಲಿತರೆ ನಮಗೂ ಲಾಭವೇ.

"ಪಕ್ಕದ ಫಲಕ ಓದಿಕೊಳ್ಳಲಿ" ಎನ್ನುವವರೂ ಇದ್ದಾರೆ. ಸಂಜ್ಞೆಯಲ್ಲೇ ಬೆಳೆದ ಕಿವುಡರಿಗೆ ಕನ್ನಡವಾಗಲಿ ಇಂಗ್ಲಿಷಾಗಲಿ ಆಮೇಲೆ ಕಲಿತ ಭಾಷೆ. ಭಾರತೀಯ ಸಂಜ್ಞಾಭಾಷೆಯೂ ಕನ್ನಡದ ಅಥವಾ ಹಿಂದಿಯ ಕೈಬರಹವಲ್ಲ. 'ಏನು', 'ಎಲ್ಲಿ' ಎಂಬ ಪ್ರಶ್ನೆಪದಗಳು ಅದರಲ್ಲಿ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತವೆ. ಊರಿಂದ ಬಂದ ನಮ್ಮ ತಾಯಿಗೆ ಇಲ್ಲಿನ ಕಚೇರಿಯಲ್ಲಿ "ಬೋರ್ಡು ಓದಿಕೊಳ್ಳಿ" ಎಂದರೆ ನಮಗೆ ಹೇಗಾಗುತ್ತದೆ?

ಈ ತಾತ್ಸಾರ ಹೊಸದಲ್ಲ. 1880ರಲ್ಲಿ ಮಿಲಾನ್ ನಗರದಲ್ಲಿ ಸೇರಿದ ಶಿಕ್ಷಕರ ಸಮ್ಮೇಳನವು ಕಿವುಡ ಮಕ್ಕಳಿಗೆ ಬಾಯಿಮಾತೇ ಮೇಲೆಂದು ಗೊತ್ತುವಳಿ ಮಾಡಿತು. ಅದರಿಂದಾಗಿ ಎಷ್ಟೋ ಶಾಲೆಗಳಿಂದ ಸಂಜ್ಞೆ ಹೊರಬಿತ್ತು. ಆ ತಪ್ಪಿಗೆ ವಿಷಾದ ಕೇಳಿಬರಲು 2010ರ ವ್ಯಾಂಕೂವರ್ ಸಮ್ಮೇಳನದವರೆಗೆ ಕಾಯಬೇಕಾಯಿತು. ನಮ್ಮಲ್ಲಿ ಭಾರತೀಯ ಸಂಜ್ಞಾಭಾಷೆಗೆ ಕೇಂದ್ರಸರಕಾರದ ಸಂಸ್ಥೆ ಹುಟ್ಟಿದ್ದು 2015ರಲ್ಲಿ. ಅದರ ನಿಘಂಟು 2021ರ ಹೊತ್ತಿಗೆ 10,000 ಪದಗಳನ್ನು ತಲಪಿತು. ಅಂಗವಿಕಲರಿಗೂ ಕಲೆ ಎಟುಕುವಂತೆ ಮಾಡಬೇಕೆಂದು 2016ರ ಹಕ್ಕುಗಳ ಕಾಯಿದೆಯೇ ಹೇಳುತ್ತದೆ. ಆದ್ದರಿಂದ ಕಿವುಡರು ಕೇಳುತ್ತಿರುವುದು ದಾನವಲ್ಲ, ಹಕ್ಕು.

ಹೇಳಲಾಗದೆ ಒಳಗೇ ಉಳಿದದ್ದನ್ನು ನಾವು 'ಮೂಗ ಕಂಡ ಕನಸು' ಎನ್ನುತ್ತೇವೆ. ಹಾಲೆಂಡಿನ ಹೆಂಡ್ರಿಕ್ ಆವರ್‌ಕಾಂಪ್ (1585–1634) ಮಾತು ಬಾರದವನು. ಜನ ಅವನನ್ನು 'ಕಾಂಪೆನ್ ಊರಿನ ಮೂಗ' ಎಂದೇ ಕರೆದರು. ಹೆಪ್ಪುಗಟ್ಟಿದ ಹೊಳೆ, ಅದರ ಮೇಲೆ ಜಾರುವ ಜನ, ಚಳಿಗಾಲದ ಬೂದು ಬಾನು, ಇವನ್ನು ಅವನಂತೆ ಬರೆದವರು ವಿರಳ. ನಾನೂರು ವರ್ಷಗಳಾದ ಮೇಲೂ ಅವನ ಚಿತ್ರಗಳ ಮುಂದೆ ಜನ ನಿಲ್ಲುತ್ತಾರೆ. ಮೂಗ ಕಂಡ ಕನಸನ್ನು ಲೋಕವೆಲ್ಲ ಕಂಡಿತು. ಆದರೆ ಅವನಂಥವರಿಗೇ ಆ ಚಿತ್ರದ ಕಥೆ ಹೇಳಲು ನಾವು ಹಿಂದೆಮುಂದೆ ನೋಡುತ್ತೇವೆ!

ಕೊನೆಯ ಆಕ್ಷೇಪ: "ಬರುವವರು ಎಷ್ಟು ಮಂದಿ?" ಈ ಪ್ರಶ್ನೆ ನಮಗೆ ಚಿರಪರಿಚಿತ. ಹೊರನಾಡಿನಲ್ಲಿ ಕನ್ನಡ ತರಗತಿ ಕೇಳಿದಾಗ, ವಾಚನಾಲಯದಲ್ಲಿ ಕನ್ನಡಕ್ಕೊಂದು ಕಪಾಟು ಕೇಳಿದಾಗ ನಮ್ಮ ಮುಖಕ್ಕೆ ಎಸೆದದ್ದು ಇದನ್ನೇ. ಅಂದು ನೊಂದ ನಾವು ಇಂದು ಅದನ್ನೇ ಇನ್ನೊಬ್ಬರಿಗೆ ಕೇಳುವುದೇ? ತಲೆ ಎಣಿಸಿ ಭಾಷೆಗೆ ಬೆಲೆ ಕಟ್ಟುವುದಾದರೆ, ಈ ನಗರದಲ್ಲಿ ನಮ್ಮ ಸಂಘದ ಬಾಗಿಲನ್ನೇ ಮುಚ್ಚಬೇಕಾದೀತು.

ಆದ್ದರಿಂದ ನಮ್ಮ ಬೇಡಿಕೆ ಇಷ್ಟೆ. ಸಂಘದ ಮುಂದಿನ ಚಿತ್ರಪ್ರದರ್ಶನದಲ್ಲಿ ಒಂದು ದಿನವಾದರೂ ಸಂಜ್ಞಾಭಾಷೆಯ ವಿವರಣೆ ಇರಲಿ. ಸಾಧ್ಯವಾದರೆ ಅದನ್ನು ಕಿವುಡ ಕಲಾವಿದರೇ ನಡೆಸಿಕೊಡಲಿ. ನಗರದ ವಸ್ತುಸಂಗ್ರಹಾಲಯಗಳಿಗೂ ಇದನ್ನೇ ಕೇಳಿ ಸಂಘದಿಂದ ಪತ್ರ ಹೋಗಲಿ. ಕಿವುಡ ಮಗುವಿರುವ ತಂದೆತಾಯಿಯರು ರಾಜ್ಯೋತ್ಸವದ ದಿನ ಆ ಮಗುವನ್ನು ಮನೆಯಲ್ಲಿ ಬಿಟ್ಟು ಬರುವುದು ಬೇಡ. ಅದನ್ನು ಮುಂದಿನ ಸಾಲಿನಲ್ಲಿ ಕೂರಿಸೋಣ. ಅದರ ಭಾಷೆಯಲ್ಲಿ ನಮಸ್ಕಾರ ಹೇಳುವುದನ್ನು ನಾವೇ ಮೊದಲು ಕಲಿಯೋಣ.