ಸರ್ಕಾರಿ ಕೆಲಸಕ್ಕೆ ರೆಸ್ಯೂಮ್ ಅಂತೆ!

ಮೊನ್ನೆ ಊರಿಗೆ ಹೋಗಿದ್ದೆ. ಊರು ಅಂದರೆ ಮೂಡಿಗೆರೆ ತಾಲೂಕಿನ ದೇವರಮನೆ. ನೀವೆಲ್ಲ ಕಾಲಭೈರವನ ಗುಡಿ, ಮಂಜು, ಹಸಿರು ಗುಡ್ಡ ಅಂತ ಫೋಟೋ ಹಾಕುತ್ತೀರಲ್ಲ, ಅದೇ. ಅಲ್ಲಿ ಮನುಷ್ಯರೂ ಇದ್ದಾರೆ ಸ್ವಾಮಿ :-)

ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ಅಣ್ಣನ ಮಗಳು ಒಂದು ಪ್ಲಾಸ್ಟಿಕ್ ಫೈಲು ತಂದುಕೊಟ್ಟಳು. "ಚಿಕ್ಕಪ್ಪ, ಇದು ಸರಿಯಿದ್ಯಾ ನೋಡಿ. ಗೌರ್ಮೆಂಟ್ ಕೆಲ್ಸಕ್ಕೆ."

ನೋಡಿದೆ. ಎರಡು ಹಾಳೆ ಇಂಗ್ಲಿಷ್. ಪೇಟೆಯ ಒಂದು ಕಂಪ್ಯೂಟರ್ ಅಂಗಡಿಯವನು ಮುನ್ನೂರು ರೂಪಾಯಿ ತಗೊಂಡು ಮಾಡಿಕೊಟ್ಟಿದ್ದಾನೆ. ಮೇಲೆ 'ಕೆರಿಯರ್ ಆಬ್ಜೆಕ್ಟಿವ್', ಕೆಳಗೆ ಚಾಲೆಂಜಿಂಗ್ ಎನ್ವಿರಾನ್‌ಮೆಂಟಿನಲ್ಲಿ ದುಡಿಯುವ ಆಸೆ. ಹವ್ಯಾಸ: ಹಾಡು ಕೇಳುವುದು. ಈ ಹುಡುಗಿ ಹಣ್ಣು ಕುಯ್ಯುವ ಕಾಲದಲ್ಲಿ ಮನೆಯ ಕೂಲಿ ಲೆಕ್ಕವನ್ನು ಒಬ್ಬಳೇ ಬರೆಯುತ್ತಾಳೆ, ಪಹಣಿ ಓದಿ ಅಜ್ಜನಿಗೆ ಅರ್ಥ ಮಾಡಿಸುತ್ತಾಳೆ. ಅದರ ಒಂದಕ್ಷರವೂ ಅಲ್ಲಿಲ್ಲ. ಇದ್ದಿದ್ದರೂ ಉಪಯೋಗವಿರಲಿಲ್ಲ ಅನ್ನುವುದು ಬೇರೆ ಮಾತು. ಯಾಕೆಂದರೆ ಅವಳು ಹಾಕಬೇಕೆಂದಿರುವ ಕೆಲಸಕ್ಕೆ ರೆಸ್ಯೂಮನ್ನು ಯಾರೂ ಕೇಳುವುದೇ ಇಲ್ಲ!

2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಯ 1000 ಹುದ್ದೆಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಅರ್ಜಿ ಕರೆದಾಗ ಬೇಕಿದ್ದದ್ದು ಪಿಯುಸಿ, ಆನ್‌ಲೈನ್ ಅರ್ಜಿ, ಆಮೇಲೆ ಪರೀಕ್ಷೆ. ಕಡ್ಡಾಯ ಕನ್ನಡಕ್ಕೆ 150ರಲ್ಲಿ 50 ಬರಬೇಕಿತ್ತು. ಆಬ್ಜೆಕ್ಟಿವ್ ಗಿಬ್ಜೆಕ್ಟಿವ್ ಏನೂ ಇಲ್ಲ. ಗುತ್ತಿಗೆ ಕೆಲಸಕ್ಕೆ ನೇರ ಸಂದರ್ಶನ ಇದ್ದರೆ ಬಯೋಡೇಟಾ ಕೇಳುವುದುಂಟು, ಅದಕ್ಕೆ ಒಂದು ಹಾಳೆ ಸಾಕು, ಅದನ್ನು ಕನ್ನಡದಲ್ಲೇ ಬರೆಯಬಹುದು. ನನ್ನ ಕೇಳಿದರೆ ರೆಸ್ಯೂಮ್ ನೋಡದೇ ಇರುವುದೇ ಒಳ್ಳೆಯದು. ನೋಡಿದ್ದರೆ ಚಂದದ ಇಂಗ್ಲಿಷ್ ಬರೆಸಿದವನು ಮುಂದೆ ಹೋಗುತ್ತಿದ್ದ, ಬೆಟ್ಟದವಳು ಅಲ್ಲೇ ಉಳಿಯುತ್ತಿದ್ದಳು.

ಈಗ ಹೊಟ್ಟೆ ಉರಿಯುವ ವಿಷಯ ಕೇಳಿ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇಕಡಾ 25 ಗ್ರಾಮೀಣ ಮೀಸಲಾತಿ ಇದೆ. ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5. ಈ ಹುಡುಗಿಗೆ ಎರಡೂ ಸಲ್ಲುತ್ತವೆ. ಹೋದ ಸಲ ಒಂದು ಹುದ್ದೆಗೆ ಹಾಕಿದಾಗ ಗ್ರಾಮೀಣ ಪ್ರಮಾಣಪತ್ರಕ್ಕೆ ಹೆಡ್‌ಮಾಸ್ಟರ ಸಹಿ ಇತ್ತು, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಇರಲಿಲ್ಲ. ಮೇಲುರುಜು ಅಂದರೆ ಏನು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ದಾಖಲೆ ಪರಿಶೀಲನೆಯಲ್ಲಿ ಆ ಮೀಸಲಾತಿ ಹೋಯಿತು, ಕೆಲಸವೂ ಹೋಯಿತು. ಆಗ ಅಂಗಡಿಯವನು ಹೇಳಿದ್ದೇನು ಗೊತ್ತಾ? "ನಿನ್ ರೆಸ್ಯೂಮ್ ಸ್ಟ್ರಾಂಗ್ ಇಲ್ಲಮ್ಮ." ಅದಕ್ಕೇ ಈ ಎರಡು ಹಾಳೆ!

ಅವನನ್ನೊಬ್ಬನನ್ನೇ ಬೈದರೆ ಆಗಲಿಲ್ಲ. ಅವನಿಗೆ ವ್ಯಾಪಾರ. ನಮಗೇನಾಗಿದೆ? 2024ರ ಆಗಸ್ಟಿನಲ್ಲಿ ಕೆಪಿಎಸ್‌ಸಿಯ ಗೆಜೆಟೆಡ್ ಪ್ರೊಬೇಷನರಿ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದ ಕೆಟ್ಟುಹೋಗಿ ಡಿಸೆಂಬರಿನಲ್ಲಿ ಮರುಪರೀಕ್ಷೆ ಆಯಿತಲ್ಲ, ಆಗ ನಾವೆಲ್ಲ ಸಾಲುಸಾಲು ಬರೆದೆವು. ಬರೆಯಬೇಕಿತ್ತು, ಸರಿ. ಆದರೆ ಪರೀಕ್ಷಾ ಹಾಲಿನ ಬಾಗಿಲಿಗೆ ಬರುವ ಮೊದಲೇ 'ನಮೂನೆ-2', 'ಮೇಲುರುಜು' ಅನ್ನುವ ಕನ್ನಡಕ್ಕೇ ಎಡವಿ ಬಿದ್ದವರ ಬಗ್ಗೆ ಯಾರು ಬರೆದೆವು? ನಾನೂ ಬರೆಯಲಿಲ್ಲ. ಕನ್ನಡದಲ್ಲೇ ಇದೆಯಲ್ಲ, ಓದಿಕೊಳ್ಳಲಿ ಅಂದುಕೊಂಡೆ. ಆ ಅಧಿಸೂಚನೆ ಒಮ್ಮೆ ಓದಿ ನೋಡಿ, ಒಂದೊಂದು ವಾಕ್ಯ ಚಾರ್ಮಾಡಿ ಘಾಟಿಯ ಹಾಗೆ... ತಿರುವಿನ ಮೇಲೆ ತಿರುವು.

"ರೆಸ್ಯೂಮ್ ಇದ್ದರೆ ಕಾನ್ಫಿಡೆನ್ಸ್ ಬರುತ್ತೆ ಮಾರಾಯ" ಅಂದ ಬೆಂಗಳೂರಿನ ಒಬ್ಬ ಗೆಳೆಯ. ಅವನಿಗೆ ಬರಬಹುದು. ಇವಳು ಆ ಇಂಗ್ಲಿಷ್ ಹಾಳೆ ಹಿಡಿದುಕೊಂಡು ತನಗೇ ಏನೋ ಕಡಿಮೆ ಅಂದುಕೊಂಡಿದ್ದಾಳೆ. ತಪ್ಪಿದ್ದು ಒಂದು ಸಹಿ ಮಾತ್ರ.

ಆ ರಾತ್ರಿ ಇಬ್ಬರೂ ಕೂತು ಒಂದು ಪಟ್ಟಿ ಮಾಡಿದೆವು. ಅರ್ಜಿಯಲ್ಲಿ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದ ಹಾಗೇ ಇರಬೇಕು. ಪ್ರಮಾಣಪತ್ರ ಅಧಿಸೂಚನೆಯ ನಮೂನೆಯಲ್ಲೇ ಇರಬೇಕು, ಶಾಲೆಯ ಲೆಟರ್‌ಹೆಡ್ಡಿನಲ್ಲಿ ಅಲ್ಲ. ಅರ್ಜಿಯ ಕೊನೇ ದಿನಕ್ಕೆ ಮೊದಲೇ ಕೈಗೆ ಬಂದಿರಬೇಕು. ಸೋಮವಾರ ಬಿಇಒ ಆಫೀಸಿಗೆ ಹೋಗುತ್ತಾಳೆ, ಬಸ್ಸು ಸಿಕ್ಕಿದರೆ.

"ಹಂಗಾದ್ರೆ ಆ ಮುನ್ನೂರು ರೂಪಾಯಿ, ಚಿಕ್ಕಪ್ಪ?" ಅಂದಳು. ಹಾಳೆಗಳ ಹಿಂದುಗಡೆ ಖಾಲಿಯಿತ್ತು, ಪಟ್ಟಿ ಬರೆದದ್ದು ಅದರ ಮೇಲೆಯೇ.

ಅದನ್ನು ಟೈಪಿಸಿ ಬರುವ ಭಾನುವಾರ ಇಲ್ಲಿ ಹಾಕುತ್ತೇನೆ. ತಪ್ಪಿದ್ದರೆ ಬೈಯಿರಿ, ತಿದ್ದಿ. ಸರಿಯಿದ್ದರೆ ಪ್ರಿಂಟ್ ತೆಗೆದು ನಿಮ್ಮೂರಿನ ಪಂಚಾಯ್ತಿ ಲೈಬ್ರರಿಯ ಗೋಡೆಗೆ ಅಂಟಿಸಿ. ನನ್ನ ಹೆಸರು ಬೇಡ.