ನೋಯದ ಗಡ್ಡೆ

ತಂಗಿಯ ಬಲಗೆನ್ನೆ ತುಸು ಉಬ್ಬಿದೆ ಎಂದು ನನಗೆ ಗೊತ್ತಾಗಿದ್ದು ಒಂದು ವರ್ಷದ ಹಿಂದಿನ ಫೋಟೋ ನೋಡಿದಾಗ. ಕೆಲಸಕ್ಕೆಂದು ಧಾರವಾಡದಿಂದ ಪುಣೆಗೆ ಬಂದು ನಮ್ಮ ಕೋಥ್ರೂಡ್ ಮನೆಯಲ್ಲೇ ಇದ್ದಳು. ದಿನಾ ನೋಡುವ ಮುಖ, ಹಾಗಾಗಿ ಕಾಣಲಿಲ್ಲ. ನೋವೂ ಇರಲಿಲ್ಲ. ದಂತವೈದ್ಯರೊಬ್ಬರು ಸೋಂಕು ಎಂದು ಒಂದು ಹಲ್ಲು ಕಿತ್ತರು. ಊತ ಇಳಿಯಲಿಲ್ಲ, ನಾವೂ ಆರು ತಿಂಗಳು ಸುಮ್ಮನಿದ್ದೆವು.

ಆಮೇಲೆ ಸಿಟಿ ಸ್ಕ್ಯಾನ್, ಬಯಾಪ್ಸಿ ಆಯಿತು. ಆಸಿಫೈಯಿಂಗ್ ಫೈಬ್ರೋಮಾ ಎಂದು ವರದಿ ಬಂತು. ಮೂಳೆಯ ಜಾಗದಲ್ಲಿ ನಾರಿನಂಥ ಅಂಗಾಂಶ ಬೆಳೆದು, ಅದರೊಳಗೆ ಮತ್ತೆ ಮೂಳೆಯ ಚೂರುಗಳು ಕಟ್ಟಿಕೊಳ್ಳುವ ಅಪರೂಪದ ಗಡ್ಡೆ. ಹೆಚ್ಚಾಗಿ ಕೆಳದವಡೆಯಲ್ಲಿ ಬರುವುದು ಇವಳಿಗೆ ಮೇಲ್ದವಡೆಯಲ್ಲಿ ಬಂದಿತ್ತು. ಕ್ಯಾನ್ಸರ್ ಅಲ್ಲ.

ಫೋನಿನಲ್ಲಿ ಅವ್ವ ಆ ಹೆಸರನ್ನೇ ಎತ್ತಲಿಲ್ಲ. "ಗಡ್ಡಿ ಅಂದ್ರ... ಅದೇ ಏನು ತಮ್ಮಾ?"

"ಅದಲ್ಲವ್ವಾ. ಆದ್ರ ತಗಸಬೇಕು."

"ಅದಲ್ಲಂದ್ರ ಯಾಕ ತಗಸೂದು? ಮದುವಿ ಮಾತು ನಡದೈತಿ. ಮಾರಿ ಮ್ಯಾಲ ಗಾಯ ಮಾಡ್ತಾರೇನು?"

ಅವ್ವನ ಪ್ರಶ್ನೆ ನನ್ನದೂ ಆಗಿತ್ತು. ವೈದ್ಯರು ಸ್ಕ್ಯಾನ್ ತೋರಿಸಿ ವಿವರಿಸಿದರು. ಮೇಲ್ದವಡೆಯೊಳಗೆ ಸೈನಸ್ ಎಂಬ ಟೊಳ್ಳು ಇದೆ. ಗಡ್ಡೆ ಅದರೊಳಗೆ ಸದ್ದಿಲ್ಲದೆ ಬೆಳೆಯುತ್ತದೆ. ಜಾಗ ಮುಗಿದ ಮೇಲೆ ಹಲ್ಲು ಸರಿಯಬಹುದು, ಮೂಗು ಕಟ್ಟಬಹುದು, ಕಣ್ಣುಗುಡ್ಡೆಯೂ ಮೇಲಕ್ಕೆ ತಳ್ಳಲ್ಪಡಬಹುದು. ಇದನ್ನೇ ಹೋಲುವ ಫೈಬ್ರಸ್ ಡಿಸ್‌ಪ್ಲೇಸಿಯಾ ಸುತ್ತಲಿನ ಮೂಳೆಯಲ್ಲಿ ಬೆರೆತುಹೋಗಿರುತ್ತದೆ. ಎಷ್ಟೋ ಸಲ ಅದನ್ನು ಬರೀ ಗಮನಿಸುತ್ತಾ ಇದ್ದರೆ ಸಾಕು. ಇದಕ್ಕೆ ಸ್ಪಷ್ಟ ಅಂಚು ಇರುತ್ತದೆ, ಪೂರ್ತಿ ಬಿಡಿಸಿ ತೆಗೆಯಬಹುದು. ಚಿಕ್ಕದಿದ್ದಾಗ ತೆಗೆದರೆ ಕಳೆದುಕೊಳ್ಳುವ ಮೂಳೆಯೂ ಕಡಿಮೆ. ಅಪರೂಪಕ್ಕೆ ಇದರ ಜೊತೆ ಪ್ಯಾರಾಥೈರಾಯ್ಡ್ ತೊಂದರೆಯೂ ಇರುವುದುಂಟು ಎಂದು ರಕ್ತದ ಕ್ಯಾಲ್ಸಿಯಂ ಕೂಡ ನೋಡಿದರು.

1827ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಜೋಸೆಫ್ ಝಾನ್ಸೂಲ್ ಎಂಬ ವೈದ್ಯ ಮೇಲ್ದವಡೆಯನ್ನು ಕತ್ತರಿಸಿ ತೆಗೆದಾಗ ಅರಿವಳಿಕೆಯೇ ಇರಲಿಲ್ಲ. ಈಥರ್ ಬಂದದ್ದು 1846ರಲ್ಲಿ. ನನ್ನ ತಂಗಿಗೆ ಎಚ್ಚರವಾದಾಗ ಎಲ್ಲಾ ಮುಗಿದಿತ್ತು. ಮೇಲ್ದುಟಿಯ ಒಳಗಿಂದ, ಒಸಡಿನ ಮೇಲೆ ಕೊಯ್ದು ತೆಗೆದಿದ್ದರು. ಹೊರಗೆ ಒಂದು ಗೀರೂ ಇಲ್ಲ. ಆದರೂ ಇದು ಮರಳಿ ಬರಬಹುದಾದ್ದರಿಂದ ಕೆಲವು ವರ್ಷ ಸ್ಕ್ಯಾನ್ ತಪ್ಪಿಸುವಂತಿಲ್ಲ.

ಗಂಡಿನ ಮನೆಯವರಿಗೆ ಏನು ಹೇಳುವುದೆಂದು ಅವ್ವ ಕೇಳಿದಳು. "ಇದ್ದದ್ದು ಇದ್ದಂಗ ಹೇಳು" ಎಂದಳು ತಂಗಿ, ಇನ್ನೂ ಬಾತಿದ್ದ ತುಟಿಯಲ್ಲೇ.

ನಿಮ್ಮಲ್ಲೂ ಯಾರಿಗಾದರೂ ದವಡೆಯ ಊತ ಎರಡು ವಾರವಾದರೂ ಇಳಿಯದಿದ್ದರೆ, ನೋವಿಲ್ಲವಲ್ಲ ಎಂದು ಬಿಡಬೇಡಿ. ಹಲ್ಲು ಕೀಳಿಸುವ ಮೊದಲು ಎಕ್ಸ್‌ರೇ ಮಾಡಿಸಿ.