ಬಿಟ್ಟಿದ್ದೇನು, ಬಡಿಸಿದ್ದೇನು

2021ರ ಡಿಸೆಂಬರಿನಲ್ಲಿ ಬೀದರ್ ಸೇರಿ ಏಳು ಜಿಲ್ಲೆಗಳ ಶಾಲೆಗಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಬಂತು. ತಿನ್ನದವರಿಗೆ ಬಾಳೆಹಣ್ಣು ಎಂದಾಯಿತು. ಕೆಲವು ಮಠಾಧೀಶರು ಬೇಡವೆಂದರು, ಮಕ್ಕಳೇ ಎದ್ದು ನಿಂತು ಬೇಕೆಂದರು, ಟಿವಿಯವರಿಗೆ ಕೈತುಂಬ ಕೆಲಸ ಸಿಕ್ಕಿತು. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ರಾಜ್ಯದಾದ್ಯಂತ ವಾರದ ಆರೂ ದಿನ ಮೊಟ್ಟೆ. ತಿನ್ನುವ ಮಗು ಸುಖವಾಗಿ ತಿನ್ನಲಿ, ನನ್ನ ತಕರಾರಿಲ್ಲ. ಆದರೆ ಅಷ್ಟೂ ಗದ್ದಲದಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದದ್ದು ಬಾಳೆಹಣ್ಣು ಹಿಡಿದು ಕೂತ ಮಗು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಬಾಳೆಹಣ್ಣಿನಲ್ಲಿ 1 ಗ್ರಾಂ ಆಸುಪಾಸು. ಬಿ12 ಜೀವಸತ್ವವಂತೂ ಹಣ್ಣಿನಲ್ಲಿ ಇಲ್ಲವೇ ಇಲ್ಲ. ಇವೆರಡೂ ಸರಿಸಮ ಎಂದು ಒಪ್ಪಿಕೊಂಡು ಸುಮ್ಮನಾದೆವಲ್ಲ, ಅಲ್ಲಿಯೇ ನಮ್ಮ ಸಸ್ಯಾಹಾರದ ತಿಳುವಳಿಕೆ ಎಷ್ಟು ತೆಳುವಾಗಿದೆ ಎನ್ನುವುದು ಗೊತ್ತಾಗುತ್ತದೆ. ನಮಗೆ ಸಸ್ಯಾಹಾರವೆಂದರೆ ಬಿಡುವುದು. ದೊಡ್ಡವರು ಏನನ್ನಾದರೂ ಬಿಟ್ಟು ಬದುಕಿಯಾರು. ಬೆಳೆಯುವ ಮಗುವಿನ ವಿಷಯದಲ್ಲಿ, ಬಿಟ್ಟಿದ್ದರ ಜಾಗಕ್ಕೆ ಏನು ಬಡಿಸಿದಿರಿ ಎಂದು ಕೇಳಲೇಬೇಕು.

ಬೀದರ್ ಜಿಲ್ಲೆಯ ಔರಾದ್ ಸೀಮೆಯ ಡಾಬಕಾದಂಥ ಗಡಿಯೂರಿಗೆ ಈ ಪ್ರಶ್ನೆ ಹೊಸದಾಗಬೇಕಿರಲಿಲ್ಲ. ಇದು ಶರಣರು ಓಡಾಡಿದ ಸೀಮೆ. ಮಾಂಸ ಮುಟ್ಟದ ಮನೆಗಳು ತಲೆತಲಾಂತರದಿಂದ ಇವೆ. ಮುಟ್ಟುವ ಮನೆಗಳಲ್ಲಿಯೂ ಅದು ಸಂತೆಯ ದಿನದ್ದೋ ಹಬ್ಬದ್ದೋ ಅಡುಗೆ. ಉಳಿದ ದಿನಗಳಲ್ಲಿ ಎಲ್ಲ ಜಾತಿಯ ಮಕ್ಕಳ ತಾಟಿನಲ್ಲೂ ರೊಟ್ಟಿ, ಬೇಳೆ, ಪಲ್ಯವೇ. ಆದ್ದರಿಂದ ಒಳ್ಳೆಯ ಸಸ್ಯಾಹಾರ ಯಾವುದು ಎನ್ನುವುದು ಒಂದೆರಡು ಜಾತಿಗಳ ಮಡಿಯ ಸಂಗತಿಯಲ್ಲ, ಊರಿಗೆ ಊರೇ ಯೋಚಿಸಬೇಕಾದದ್ದು.

ಇಲ್ಲಿಯ ಹಳೆಯ ಊಟವನ್ನು ಹೊಗಳಿ ಕೊಂಡಾಡುವುದು ಸುಲಭ, ಅದು ಬೇಡ. ಆದರೆ ಅದರೊಳಗೆ ಲೆಕ್ಕಾಚಾರ ಇತ್ತು. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ತೊಗರಿ, ಹೆಸರು, ಉದ್ದಿನಲ್ಲಿ ಅದು ಧಾರಾಳ. ಬೇಳೆಯಲ್ಲಿ ಕೊರತೆಯಿರುವ ಮೆಥಿಯೋನಿನ್ ಜೋಳದಿಂದ ಬರುತ್ತದೆ. ರೊಟ್ಟಿಗೆ ಬೇಳೆ ಜೊತೆಯಾದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತಿತ್ತು. ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುವುದು ಕಷ್ಟ, ಜೊತೆಗೆ ಸಿ ಜೀವಸತ್ವ ಇದ್ದರೆ ಹತ್ತುತ್ತದೆ. ತಾಟಿನ ಅಂಚಿಗೆ ಒಂದು ಹೋಳು ನಿಂಬೆ ಇಡುವ ರೂಢಿ ಬರೀ ರುಚಿಗಲ್ಲ. ಸಂಕ್ರಾಂತಿಯ ಸಜ್ಜೆ ರೊಟ್ಟಿಯ ಮೇಲಿನ ಎಳ್ಳಿನಲ್ಲಿ, ತೂಕಕ್ಕೆ ತೂಕ ಹೋಲಿಸಿದರೆ, ಸುಣ್ಣದಂಶ ಹಾಲಿಗಿಂತ ಎಷ್ಟೋ ಹೆಚ್ಚು.

ಆ ತಾಟು ಈಗ ಹಾಗೆ ಉಳಿದಿಲ್ಲ. ಹೊಲಕ್ಕೆ ಸೋಯಾ ಬಂದು ದೊಡ್ಡ ಪಾಲು ಹಿಡಿಯಿತು, ನೀರಿದ್ದಲ್ಲಿ ಕಬ್ಬು. ಸೋಯಾವನ್ನು ನಾವು ಬೆಳೆಯುತ್ತೇವೆ, ತಿನ್ನುವುದಿಲ್ಲ. ಎಣ್ಣೆ ತೆಗೆದ ಮೇಲೆ ಅದರ ಹಿಂಡಿ ಕೋಳಿಯ ಮೇವಾಗಿ ಹೋಗುತ್ತದೆ. ಹಾಗೆ ನೋಡಿದರೆ ನಮ್ಮ ಹೊಲದ ಪ್ರೋಟೀನೇ ಊರೂರು ಸುತ್ತಿ ಮೊಟ್ಟೆಯಾಗಿ ಶಾಲೆಗೆ ಮರಳುತ್ತಿರಬಹುದು! 2013ರಲ್ಲಿ ಅನ್ನಭಾಗ್ಯದ ಪಡಿತರ ಅಕ್ಕಿ ಬಂದು ಹಸಿವು ತಗ್ಗಿತು, ಅದನ್ನು ಹಗುರವಾಗಿ ಆಡುವವನು ಹಸಿದವನಲ್ಲ. ಆದರೆ ಅಕ್ಕಿ ಬಂದಷ್ಟು ಸಲೀಸಾಗಿ ಬೇಳೆ ಬರಲಿಲ್ಲ. ಬೆಳಿಗ್ಗೆ ಮಕ್ಕಳಿಗೆ ಚಹಾದಲ್ಲಿ ಅದ್ದಿದ ಖಾರಿ, ಸಂಜೆಗೆ ಐದು ರೂಪಾಯಿಯ ಚಿಪ್ಸ್ ಪುಡಕಿ. ಚಹಾ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ ಎನ್ನುವುದನ್ನು ಹೇಳುವವರೂ ಕಡಿಮೆ. ಮಾಂಸ ಮುಟ್ಟದ ಮನೆಯ ಹಿರಿಯರಿಗೆ ಇದೆಲ್ಲ ಶುದ್ಧ ಸಸ್ಯಾಹಾರವೇ! ಅವರ ಲೆಕ್ಕದಲ್ಲಿ ತಪ್ಪೂ ಇಲ್ಲ, ಅದರಲ್ಲಿ ಮಾಂಸ ಇಲ್ಲವಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ, ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇದು ಹೆಚ್ಚಿನ ಜನ ಮಾಂಸ ತಿನ್ನುವ ರಾಜ್ಯ. ಹಾಗಾಗಿ ಈ ಅಂಕಿಗಳನ್ನು ಸಸ್ಯಾಹಾರದ ಮೇಲೆ ಹೊರಿಸುವುದೂ ಸರಿಯಲ್ಲ, ಸಸ್ಯಾಹಾರವೇ ಔಷಧಿ ಎಂದು ಬೀಗುವುದೂ ಸರಿಯಲ್ಲ. ಬಡತನ, ಕೊಳಕು ನೀರು, ಹೊಟ್ಟೆಹುಳ, ಬೇಗ ಮದುವೆಯಾದ ತಾಯಂದಿರು, ಎಲ್ಲವೂ ಇದರಲ್ಲಿವೆ. ಆದರೂ ಊಟದ ಪಾಲು ಊಟದ್ದೇ.

ಸಸ್ಯಾಹಾರದ ಪರ ವಾದಿಸುವವರು ನೇರವಾಗಿ ಒಪ್ಪಿಕೊಳ್ಳಬೇಕಾದ ಮಾತು ಒಂದಿದೆ. ಕಾಳು, ಸೊಪ್ಪು, ಹಣ್ಣು ಎಷ್ಟೇ ತಿನ್ನಿಸಿದರೂ ಬಿ12 ಅವುಗಳಿಂದ ಸಿಗದು. ಮೊಟ್ಟೆ ಬೇಡವೆಂದ ಮಗುವಿಗೆ ಹಾಲು, ಮೊಸರು, ಮಜ್ಜಿಗೆಯೇ ಮುಖ್ಯ ದಾರಿ. 2013ರ ಆಗಸ್ಟಿನಲ್ಲಿ ಶಾಲೆಗಳಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆಯ 150 ಮಿಲಿಲೀಟರ್ ಹಾಲು ಇಂಥ ಮಗುವಿಗೆ ಬಹಳ ದೊಡ್ಡದು. ಪುಡಿಯ ಹಾಲು ವಾಸನೆ ಎಂದು ಮಗು ಲೋಟ ಸರಿಸಿದರೆ ಹೋಗಲಿ ಬಿಡು ಎನ್ನುವಂತಿಲ್ಲ. ಮನೆಯ ಹಾಲನ್ನೆಲ್ಲ ಡೇರಿಗೆ ಹಾಕಿ ಮಕ್ಕಳಿಗೆ ಕರಿ ಚಹಾ ಕೊಡುವುದು ಕೂಡ ಮೊಟ್ಟೆಯಷ್ಟೇ ದೊಡ್ಡ ಚರ್ಚೆಯಾಗಬೇಕಿತ್ತು.

ಇನ್ನು, ಮಕ್ಕಳು ತಿನ್ನುವುದೇ ಇಲ್ಲ ಎಂಬ ದೂರು. ಬಿರುಸಾದ ಜೋಳದ ರೊಟ್ಟಿಯನ್ನು ನಾಲ್ಕು ವರ್ಷದ ಮಗುವಿನ ಮುಂದಿಟ್ಟು ತಿನ್ನು ಎಂದರೆ ಹಲ್ಲು ಸಾಲದು, ಹೊಟ್ಟೆಯೂ ಸಾಲದು. ಮಗುವಿನ ಹೊಟ್ಟೆ ಚಿಕ್ಕದು, ಸಸ್ಯಾಹಾರದ ಗಾತ್ರ ದೊಡ್ಡದು. ಸ್ವಲ್ಪದರಲ್ಲಿ ಹೆಚ್ಚು ಸತ್ವ ಹೋಗಬೇಕಾದರೆ ಶೇಂಗಾ, ಎಳ್ಳು, ಎಣ್ಣೆ, ತುಪ್ಪ ಸೇರಲೇಬೇಕು. ಈ ಒಗಟನ್ನು ನಮ್ಮ ಅಜ್ಜಿಯರು ಮುಟಗಿಯಲ್ಲಿ ಬಿಡಿಸಿದ್ದರು. ಹೆಂಚಿನಿಂದ ಇಳಿದ ದಪ್ಪನೆಯ ರೊಟ್ಟಿಯನ್ನು ಆರಲು ಬಿಡದೆ ಮುರಿದು, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಚಿಟಿಕೆ ಖಾರದ ಜೊತೆ ಒಳ್ಳಿನಲ್ಲಿ ಕುಟ್ಟಿ, ತುಪ್ಪವೋ ಶೇಂಗಾ ಎಣ್ಣೆಯೋ ಹಾಕಿ, ಮುಷ್ಟಿಯಲ್ಲಿ ಒತ್ತಿ ಕೊಡುವುದು. ಬೆರಳಿನ ಗುರುತು ಮೂಡಿದ ಆ ಬಿಸಿ ಮುದ್ದೆ ಕೈಗೆ ಬಂದರೆ ಮಗು ಓಡಾಡುತ್ತಲೇ ಮುಗಿಸಿ, “ಆಯಿ, ಇನ್ನೊಂದ್ ಕೊಡು” ಎನ್ನುತ್ತದೆ. ಶೇಂಗಾ ಪುಡಿ ಸೇರಿಸಿದರೆ ಇನ್ನೂ ಗಟ್ಟಿ ಊಟ. ಕಾರ್ಟೂನಿನ ಆಕಾರಕ್ಕೆ ಕ್ಯಾರೆಟ್ ಕತ್ತರಿಸಿ ಎನ್ನುವ ಪತ್ರಿಕೆಗಳ ಸಲಹೆ ನನಗೆ ಯಾವತ್ತೂ ಹಿಡಿಸಿಲ್ಲ.

ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ನೋಡಿ. ಹಸಿ ತೊಗರಿ, ಅವರೆ, ಕಡಲೆ, ಮೆಂತ್ಯ ಎಲ್ಲ ಕೂಡಿಸಿ ಮಾಡಿದ ಭಜ್ಜಿಯನ್ನು, ಮನೆಯಲ್ಲಿ ಮೆಂತ್ಯ ಕಂಡರೆ ಮುಖ ತಿರುಗಿಸುವ ಹುಡುಗನೇ ಎರಡು ಸಲ ಹಾಕಿಸಿಕೊಳ್ಳುತ್ತಾನೆ. ಅಂದು ಅವನನ್ನು ತಿನ್ನು ಎಂದು ಯಾರೂ ಪೀಡಿಸಿರುವುದಿಲ್ಲ. ಕಾಯಿ ಬಿಡಿಸಲು ಅವನೂ ಕೂತಿರುತ್ತಾನೆ, ಅಪ್ಪ, ಮುತ್ಯಾ, ನೆರೆಹೊಲದವರು ಅದನ್ನೇ ಉಣ್ಣುತ್ತಿರುತ್ತಾರೆ. ತಾನು ಚಿವಡಾ ಮುಕ್ಕುತ್ತ ಮಗನಿಗೆ ಸೊಪ್ಪು ತಿನ್ನು ಎನ್ನುವ ಅಪ್ಪನ ಮಾತು ನಡೆಯುವುದಿಲ್ಲ.

ಶಾಲೆಯ ಕಡೆಯಿಂದಲೂ ಆಗಬೇಕಾದದ್ದಿದೆ. 2002ರಲ್ಲಿ ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ ಮೊದಲು ಕಾಲಿಟ್ಟ ಏಳು ಜಿಲ್ಲೆಗಳಲ್ಲಿ ಬೀದರ್ ಕೂಡ ಒಂದು. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಎಂಬುದು ಕೇಂದ್ರದ ಲೆಕ್ಕ. 20 ಗ್ರಾಂ ತೊಗರಿಬೇಳೆಯಲ್ಲಿ 4 ಗ್ರಾಂಗಿಂತ ತುಸು ಹೆಚ್ಚು ಪ್ರೋಟೀನ್. ಬಾಳೆಹಣ್ಣು ಆರಿಸಿಕೊಂಡ ಮಗುವಿಗೆ ಅದರ ಜೊತೆ ಒಂದು ಹಿಡಿ ಹುರಿದ ಶೇಂಗಾ, ಇಲ್ಲವೆ ಮೊಳಕೆ ಹೆಸರಿನ ಉಸಳಿ ಕೊಟ್ಟರೆ ಪ್ರೋಟೀನಿನ ಮಟ್ಟಿಗೆ ಮೊಟ್ಟೆಗೆ ಹತ್ತಿರ ಬರುತ್ತದೆ. ಮೊದಲು ಚಿಕ್ಕಿ ಇತ್ತು, ಗುಣಮಟ್ಟದ ದೂರುಗಳು ಬಂದು 2025ರಲ್ಲಿ ನಿಲ್ಲಿಸಿದರು. ಪೊಟ್ಟಣದಲ್ಲಿ ಕೂಡಿಟ್ಟದ್ದು ಕೆಟ್ಟಿತು, ಸರಿ. ಶಾಲೆಯ ಅಡುಗೆಮನೆಯಲ್ಲಿ ಅಂದಂದೇ ಹುರಿದದ್ದು ಕೆಡುವುದಕ್ಕೆ ಸಮಯವೆಲ್ಲಿ?

ಹುರಿಯುವವರು ಯಾರು ಎನ್ನುವುದು ಮುಂದಿನ ಪ್ರಶ್ನೆ, ಅದೇ ಕಠಿಣ. ಶಾಲೆಯಲ್ಲಿ ಅಡುಗೆಯ ಅಕ್ಕಂದಿರು, ಮನೆಯಲ್ಲಿ ಅವ್ವ. ಸೋಯಾದ ಕಳೆ ತೆಗೆಯಲು ಬೆಳಿಗ್ಗೆಯೇ ಹೋಗಬೇಕಾದವಳಿಗೆ ಕುಕ್ಕರಿನ ಅನ್ನ ಇಪ್ಪತ್ತು ನಿಮಿಷದ ಕೆಲಸ; ರೊಟ್ಟಿ ಬಡಿದು, ಸೊಪ್ಪು ಸೋಸಿ, ಬೇಳೆ ಬೇಯಿಸಿ, ಮುಟಗಿ ಕುಟ್ಟುವುದು ಅರ್ಧ ಮುಂಜಾನೆಯ ಕೆಲಸ. ಒಳ್ಳೆಯ ಸಸ್ಯಾಹಾರಕ್ಕೆ ಹಣಕ್ಕಿಂತ ಹೆಚ್ಚಾಗಿ ಕೈಗಳು ಬೇಕು. ಮಕ್ಕಳು ಮೊಟ್ಟೆ ಮುಟ್ಟಬಾರದು ಎಂದು ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಹೇಳುವ ಗಂಡಸರಿಗೆ ಶೇಂಗಾ ಸುಲಿಯಲು, ಹೆಸರು ನೆನೆಹಾಕಲು, ಪುಂಡಿ ಸೊಪ್ಪು ಬಿಡಿಸಲು ಬೇಕಾದಷ್ಟು ಬಿಡುವಿದೆ.